ಮಂಕರಿಯ ಪರೀಕ್ಷೆ

ಬ್ರಿಟಿಷರ ಕಾಲದಲ್ಲಿ, ಪ್ಲೇಗು ಬಂದ ವರ್ಷದ ಒಂದು ಸೋಮವಾರ, ಡಾಕ್ ಬಂಗಲೆಯ ಹಿತ್ತಲಿನಲ್ಲಿ ಇದು ನಡೆಯಿತು. ಹಿಂದಿನ ವಾರ ಅಲ್ಲಿನ ಹುಂಜ ಕತ್ತು ಸೊಟ್ಟಗಾಗಿ ಸತ್ತಿತ್ತು. ಅಂದಿನಿಂದ ಹೇಂಟೆಗಳೆಲ್ಲ ತಮ್ಮ ಕತ್ತನ್ನೇ ಗಮನಿಸತೊಡಗಿದ್ದವು.

“ಇದು ಆ ಒಕ್ಕಣ್ಣಿ ಹೇಂಟೆ ಕರಿಯವ್ವನ ಮಾಟ,” ಎಂದಿತು ಕೆಂಪಿ ಎಂಬ ಹೇಂಟೆ. “ಅವಳು ನೋಡಿದರೆ ಸಾಕು, ನನ್ನ ಕತ್ತು ತಾನಾಗಿ ತಿರುಗುತ್ತದೆ. ಸಂಜೆಯೊಳಗೆ ಅವಳನ್ನು ಬೇಲಿಯಾಚೆ ನರಿಗೆ ಬಿಡೋಣ.”

“ನನ್ನದೂ ತಿರುಗುತ್ತದೆ! ನನ್ನದೂ!” ಎಂದು ಉಳಿದವು ಕೂಗಿದವು.

ಮುದಿ ಆಡು ಮೆಲುಕು ನಿಲ್ಲಿಸಿತು. “ಇರ್ರೇ ತಾಯಂದಿರಾ, ಪರೀಕ್ಷೆ ಮಾಡಿಯೇ ಬಿಡೋಣ. ಕರಿಯವ್ವ ಇಲ್ಲಿ ಬೋರಲು ಹಾಕಿದ ಈ ಬಿದಿರು ಮಂಕರಿಯ ಕೆಳಗಿದ್ದಾಳೆ. ಸಂದಿಯಿಂದ ನೋಡುತ್ತಾಳೆ. ಒಬ್ಬೊಬ್ಬರಾಗಿ ಮುಂದೆ ಹಾದು ಹೋಗಿ.”

ಹಾದುಹೋದ ಪ್ರತಿ ಹೇಂಟೆಯ ಕತ್ತೂ ತಿರುಗಿತು. ಕೆಂಪಿಯಂತೂ ನೆಲಕ್ಕೇ ಬಿತ್ತು.

ಆಡು ಕೊಂಬಿನಿಂದ ಮಂಕರಿಯನ್ನು ಮಗುಚಿತು. ಒಳಗೆ ಏನೂ ಇರಲಿಲ್ಲ.

“ಹಾಗಾದರೆ ಅವಳೆಲ್ಲಿ?” ಎಂದಿತು ಕೆಂಪಿ, ಬಿದ್ದಲ್ಲಿಂದಲೇ.

“ಸೌದೆ ಒಟ್ಟಿದ ಕಡೆ. ನೀನು ಬೆಳಗಿನಿಂದ ಇಲ್ಲಿ ಕೂಗಾಡುತ್ತಿದ್ದೀಯಲ್ಲ, ನಿನ್ನ ಮರಿಗಳಿಗೆ ಚಳಿಯಾಗಿತ್ತು.”

ಸೌದೆಯ ಹಿಂದಿನಿಂದ ಕರಿಯವ್ವನ ದನಿ ಬಂತು: “ಮೆಲ್ಲಗೆ ಮಾತಾಡ್ರೇ! ಈಗಷ್ಟೇ ರೆಕ್ಕೆಯೊಳಗೆ ಮಲಗಿವೆ.”

ಕೆಂಪಿ ಎದ್ದು, ಕತ್ತು ನೆಟ್ಟಗೆ ಮಾಡಿಕೊಂಡು, ಹೋಗಿ ಕರಿಯವ್ವನ ಪಕ್ಕದಲ್ಲಿ ಕುಳಿತಿತು.

ಖಾಲಿ ಮಂಕರಿಯ ಮುಂದೆ ಕತ್ತು ತಿರುಗಿದ ಹೇಂಟೆಗಳು ಹನ್ನೊಂದು. ಸಂಜೆ ಗೂಡು ಸೇರಿದ ಹೇಂಟೆಗಳು ಹನ್ನೆರಡು.