ಹಿಸುಕಬೇಡಿ, ಹಿತುಕಿ

ಮಾಗಡಿ ಸೀಮೆಯ ಕಲ್ಲುಬಾವಿಪಾಳ್ಯದಲ್ಲಿ ಪರಮಪೂಜ್ಯ ಅಕ್ಕಯ್ಯಮ್ಮನವರು ನೆಲೆಸಿದ್ದ ಜಾಗವನ್ನು ಮಠವೆಂದು ಕರೆದವರು ಭಕ್ತರು. ಅಮ್ಮನವರು ಅದನ್ನು ಅಡುಗೆಮನೆ ಎಂದೇ ಹೇಳುತ್ತಿದ್ದರು. ನಾಡಹೆಂಚಿನ ಒಂದು ಪಡಸಾಲೆ, ಒಂದು ಒಲೆಕೋಣೆ, ಮುಂದೆ ಸಗಣಿ ಸಾರಿಸಿದ ಅಂಗಳ. ಪೀಠವೆಂದರೆ ಒಂದು ಹಲಸಿನ ಮಣೆ. ಅದರ ಮೇಲೂ ಹೆಚ್ಚಿನ ವೇಳೆ ಬೆಕ್ಕೇ ವಿರಾಜಮಾನವಾಗಿರುತ್ತಿತ್ತು. ಅಮ್ಮನವರು ನೆಲದ ಮೇಲೆ. ಹೊಗೆಯಲ್ಲಿ ಕಣ್ಣು ಕಾಣದೆ ದೊಡ್ಡ ದೊಡ್ಡವರು ಬೆಕ್ಕಿಗೇ ನಮಸ್ಕರಿಸಿ ಹೋದದ್ದುಂಟಂತೆ. ಅವರಿಗೂ ಒಳ್ಳೆಯದೇ ಆಯಿತಂತೆ.

ಅಂದು ಪುಷ್ಯ ಹುಣ್ಣಿಮೆ, ಅವರೆಕಾಯಿಯ ಸುಗ್ಗಿ. ಸಂಜೆ ಅಂಗಳದಲ್ಲಿ ಹರಿಕಥೆ, ಆಮೇಲೆ ಊರಿಗೆಲ್ಲ ಹಿತಕವರೆ ಸಾರಿನ ಊಟ. ಕಥೆ ಮಾಡಬೇಕಾದವರು ‘ಕಥಾಕೇಸರಿ’ ಗರುಡಾಚಲದಾಸರು. ಪಾಪ, ಅವರು ಮಧ್ಯಾಹ್ನವೇ ಬಂದರು. ಕಥೆಯನ್ನೇ ಬಿಟ್ಟುಬಿಡುತ್ತೇನೆಂದು ಹೇಳಿ ಹೋಗುವುದಕ್ಕೆ.

ಹಿಂದೆ ಅವರು ಬರೀ ಗರುಡಾಚಲದಾಸರಾಗಿದ್ದಾಗ ಕಂಠಕ್ಕೆ ಎಣೆಯಿರಲಿಲ್ಲ. ತುಮಕೂರಿನ ಭಕ್ತಮಂಡಳಿಯೊಂದು ಶಾಲು ಹೊದಿಸಿ ಬಿರುದು ಕೊಟ್ಟಿತು ನೋಡಿ, ಅಲ್ಲಿಂದ ಕಷ್ಟ ಶುರುವಾಯಿತು. ಕೇಸರಿ ಎಂದ ಮೇಲೆ ಗರ್ಜಿಸಬೇಡವೇ? ಶಾಲು ಹೊದ್ದು ನಿಂತರೆ ಸಾಕು, ಎದೆ ಡವಗುಟ್ಟಿ, ಹೆಗಲು ಸೆಟೆದು, ಗಂಟಲು ಬಿಗಿದುಕೊಳ್ಳುತ್ತಿತ್ತು. ಹೋದ ರಾಮನವಮಿಗೆ ಅದೇ ತುಮಕೂರಿನಲ್ಲಿ ಸೀತಾಕಲ್ಯಾಣದ ಕಥೆ. ರಾಮದೇವರು ಶಿವಧನುಸ್ಸಿಗೆ ಕೈಹಾಕುವ ಪದ ಬಂತು. ದಾಸರ ಬಾಯಿಂದ ಹೊರಟದ್ದು ಹಳೇ ಬಾಗಿಲ ಸದ್ದು. ಬಗ್ಗಿದ ರಾಮ ಬಗ್ಗಿಯೇ ಉಳಿದ. ಸಭೆ ಎದ್ದು ಮನೆಗೆ ಹೋಯಿತು.

ವೈದ್ಯರು ಗಂಟಲಿಗೆ ಬೆಳಕು ಹಿಡಿದು ನೋಡಿ, “ಏನೂ ಆಗಿಲ್ಲ” ಎಂದರು. ಏನೂ ಆಗದ ಕಾಯಿಲೆಗೆ ಔಷಧ ಎಲ್ಲಿಂದ ತರುವುದು? ಜ್ಯೇಷ್ಠಮಧು ಅಗಿದು ಅಗಿದು ಹಲ್ಲು ಸವೆಯಿತೇ ಹೊರತು ಸಭೆಯ ಮುಂದೆ ದನಿ ಏಳಲಿಲ್ಲ. ಅಮ್ಮನವರಲ್ಲಿ ದಾಸರಿಗೆ ನಂಬಿಕೆ ಇತ್ತೆಂದೇನಲ್ಲ. ಸೌಟು ಹಿಡಿದ ಹೆಂಗಸಿಗೆ ಸಂಗೀತ ಏನು ಗೊತ್ತು ಎಂದೇ ಅವರ ಲೆಕ್ಕ. ಬಿಡುವ ಮುಂಚೆ ಅಮ್ಮನವರನ್ನೊಮ್ಮೆ ಕೇಳಿ ನೋಡಿ ಎಂದು ಮೃದಂಗದ ಲಕ್ಕಣ್ಣ ಎಳೆದುಕೊಂಡು ಬಂದಿದ್ದ.

ಅಮ್ಮನವರು ಪಡಸಾಲೆಯಲ್ಲಿ ಹೆಂಗಸರ ನಡುವೆ ನೆನೆದ ಅವರೆಕಾಳಿನ ಕೊಪ್ಪರಿಗೆ ಮುಂದಿಟ್ಟುಕೊಂಡು ಕುಳಿತಿದ್ದರು. ದಾಸರು ಗೆಜ್ಜೆ, ಚಿಟಿಕೆಗಳ ಗಂಟನ್ನು ಅವರ ಮುಂದಿಟ್ಟರು.

“ತಾಯಿ, ಗಂಟಲಿಗೆ ಒಂದು ಮಂತ್ರ ಇದ್ದರೆ ಕೊಡಿ. ಇಲ್ಲದಿದ್ದರೆ ಇದನ್ನ ನೀವೇ ಇಟ್ಕೊಳ್ಳಿ. ನನ್ನ ಕಥೆ ಇಲ್ಲಿಗೆ ಮುಗೀತು.”

ಅಮ್ಮನವರು ಗಂಟನ್ನು ಪಕ್ಕಕ್ಕೆ ಸರಿಸಿದರು. ಸಿಪ್ಪೆ ಬೀಳುವ ಕಡೆಗೆ.

“ಕೈ ತೊಳ್ಕೊಂಡು ಬನ್ನಿ ದಾಸರೇ,” ಎಂದರು.

ಮಂತ್ರೋಪದೇಶಕ್ಕೆ ಶುದ್ಧಿ ಬೇಕಲ್ಲವೇ ಎಂದುಕೊಂಡ ದಾಸರು ಶಾಲು ತೆಗೆದು ಗೂಟಕ್ಕೆ ಹಾಕಿ, ಕೈಕಾಲು ತೊಳೆದು, ಬಾಯಿ ಮುಕ್ಕಳಿಸಿ, ಕಣ್ಣು ಮುಚ್ಚಿ ಅಂಗೈ ಒಡ್ಡಿದರು. ಅಂಗೈ ತುಂಬ ಅವರೆಕಾಳು ಬಿತ್ತು.

“ಇದು ಯಾತಕ್ಕೆ ತಾಯಿ?”

“ಸಾರಿಗೆ.”

ಎದ್ದು ಹೋಗಿಬಿಡೋಣವೆನ್ನಿಸಿತು. ಆದರೆ ಅಷ್ಟು ಹೆಂಗಸರ ಎದುರಿಗೆ ಏಳುವುದು ಹೇಗೆ? ಹಲ್ಲು ಕಚ್ಚಿ ಒಂದು ಕಾಳನ್ನು ಅದುಮಿದರು. ಅದು ಸಿಪ್ಪೆಸಮೇತ ನುಜ್ಜುಗುಜ್ಜಾಯಿತು. ಇನ್ನೊಂದಕ್ಕೂ ಅದೇ ಗತಿ.

ನಾಲಿಗೆಗೆ ಬೀಗವಿಲ್ಲದ ಕೆಂಪಾಜಮ್ಮ ಪಕ್ಕದಲ್ಲೇ ಇದ್ದಳು. “ದಾಸಪ್ನೋರು ಆಗ್ಲೇ ಚಟ್ನಿ ಅರೀತಾವ್ರೆ ಕಣ್ರೇ. ಒಸಿ ಉಪ್ಪು ಕೊಡಾನಾ?”

“ಹಿಸುಕಬೇಡಿ ದಾಸರೇ,” ಎಂದರು ಅಮ್ಮನವರು. “ಹಿತುಕಿ.”

“ಎರಡೂ ಒಂದೇ ಅಲ್ಲವೇ ತಾಯಿ?” ಶಬ್ದವೊಂದು ಸಿಕ್ಕರೆ ದಾಸರು ಸುಮ್ಮನೆ ಬಿಡುವವರಲ್ಲ.

ಅಮ್ಮನವರು ಎರಡು ಬೆರಳ ನಡುವೆ ಒಂದು ಕಾಳು ಹಿಡಿದರು. ಹಿಡಿದರೋ ಇಲ್ಲವೋ, ಬೇಳೆ ಚಿಮ್ಮಿ ಹೋಗಿ ದಾಸರ ಹಣೆಯ ನಾಮದ ನಟ್ಟನಡುವೆ ಕೂತಿತು. ಅದು ಗುರಿಯಿಟ್ಟದ್ದಲ್ಲ, ಕೈ ಜಾರಿದ್ದು ಎನ್ನುವವರಿದ್ದಾರೆ. ಮಹಾತ್ಮರ ಲೀಲೆ ಅರಿಯದವರು.

“ಹಿಸುಕಿದರೆ ಸಾಯುತ್ತೆ. ಹಿತುಕಿದರೆ ಈಚೆಗೆ ಬರುತ್ತೆ. ಅದು ಬರೋಕೇ ಕಾದು ಕೂತಿದೆ, ದಾಸರೇ.”

ಅಷ್ಟೇ ಉಪದೇಶ. ಅಮ್ಮನವರು ಮತ್ತೆ ಕಾಳಿಗೆ ತಿರುಗಿದರು.

ದಾಸರು ಬೆರಳು ಸಡಿಲಿಸಿದರು. ಮೆತ್ತಗೆ ಒಂದು ಅದುಮು. ಪಚಕ್ಕನೆ ಬೇಳೆ ಈಚೆಗೆ, ಸಿಪ್ಪೆ ಬೆರಳಲ್ಲಿ. ‘ಅರೆ!’ ಎನ್ನಿಸಿತು. ಇನ್ನೊಂದು ಹಿತುಕಿದರು. ಅದೂ ಬಂತು. ಸ್ವಲ್ಪ ಹೊತ್ತಿಗೆ ಬೆರಳುಗಳು ತಮ್ಮಷ್ಟಕ್ಕೆ ತಾವು ತಾಳ ಹಿಡಿದವು. ನೀರಿನ ತಂಪು, ಅವರೆಯ ಸೊಗಡು, ಯಾರದೋ ಎಮ್ಮೆ ಈದ ಸುದ್ದಿ, ಇನ್ಯಾರದೋ ಅತ್ತೆಯ ಗೊರಕೆಯ ಸುದ್ದಿ. ಕಿವಿಯ ಮಟ್ಟಕ್ಕೆ ಸೆಟೆದು ನಿಂತಿದ್ದ ಹೆಗಲು ಯಾವಾಗ ಕೆಳಗಿಳಿಯಿತೋ, ಅದರ ಯಜಮಾನರಿಗೇ ತಿಳಿಯಲಿಲ್ಲ.

ಕೆಂಪಾಜಮ್ಮ ಸುಮ್ಮನಿರುವವಳೇ? “ಅಲ್ಲ ದಾಸಪ್ನೋರೇ, ಆ ರಾವಣ ಬಿಲ್ಲಿನ ಕೆಳಗೆ ಸಿಕ್ಕಾಕ್ಕೊಂಡ್ನಂತಲ್ಲ, ಹತ್ತು ಬಾಯಲ್ಲಿ ಯಾವ ಬಾಯಿ ಮೊದ್ಲು ಅರಚ್ಕೊಂಡಿದ್ದು?”

“ಎಡಗಡೆ ಕೊನೇದು,” ಎಂದರು ದಾಸರು ಕಾಳಿನಿಂದ ಕಣ್ಣೆತ್ತದೆ. “ಅದಕ್ಕೆ ಮೊದಲಿಂದ್ಲೂ ಪುಕ್ಕಲು.”

“ಮಿಕ್ಕವು?”

“ನಾವು ಬೇಡ ಅಂದ್ವಿ, ಆ ನಡುವಿನೋನೇ ಕೇಳ್ಲಿಲ್ಲ ಅಂತ ಚಾಡಿ ಹೇಳಿದ್ವು.”

ಹೆಂಗಸರು ಮೊರ ತಟ್ಟಿಕೊಂಡು ನಕ್ಕರು. “ಆಮೇಲೆ?” ಎಂದಳು ಒಬ್ಬಳು.

ಕಥೆಗಾರನಿಗೆ ‘ಆಮೇಲೆ’ ಎಂದರೆ ಮುಗಿಯಿತು, ಕರುವಿಗೆ ಹಗ್ಗ ಬಿಚ್ಚಿದ ಹಾಗೆ. ಜನಕರಾಜ ನಿಟ್ಟುಸಿರಿಟ್ಟ, ಲಕ್ಷ್ಮಣ ಬುಸುಗುಟ್ಟಿದ, ವಿಶ್ವಾಮಿತ್ರರು ಹುಬ್ಬು ಕುಣಿಸಿದರು. ಕಥೆ ಹೇಳುವವರ ಕೈ ಹಿತುಕುತ್ತಲೇ ಇತ್ತು. “ಬಾಗಿದನೇ ರಾಮ ಬಿಲ್ಲಿಗೆ, ಬಾಗಿತೇ ಬಿಲ್ಲು ರಾಮಗೆ” ಎಂಬ ಪದ ತಾನಾಗಿ ಎದ್ದು ಹೊರಗೆ ಬಂತು. ಮೊದಲು ಗುನುಗು, ಆಮೇಲೆ ಹಾಡು, ಆಮೇಲೆ ಹೆಂಚಿನ ಸಂದಿಯಿಂದ ಆಕಾಶಕ್ಕೆ ಹೊರಟ ದನಿ. ಯಾವ ಮಾಯದಲ್ಲೋ ಲಕ್ಕಣ್ಣ ಮೃದಂಗ ಹಿಡಿದು ಜೊತೆಗೂಡಿದ್ದ. ಬಿಲ್ಲು ಮುರಿದ ಸದ್ದಿಗೆ ಪೀಠದ ಮೇಲಿದ್ದ ಬೆಕ್ಕು ಸೂರಿನ ತೊಲೆಗೆ ಹಾರಿತು.

ಕೊಪ್ಪರಿಗೆ ಬರಿದಾಯಿತು. ದಾಸರು ತಲೆಯೆತ್ತಿದರು. ಅಂಗಳದ ತುಂಬ ಜನ. ಸಂಜೆಯ ಕಥೆಗೆಂದು ಬಂದ ಊರಿಗೆ ಊರೇ ಸದ್ದಿಲ್ಲದೆ ಬಂದು ಕೂತು, ಸೀತಾಕಲ್ಯಾಣವನ್ನೆಲ್ಲ ಕೇಳಿಯಾಗಿತ್ತು. ಗಂಟಲು ಅಭ್ಯಾಸಬಲದಿಂದ ಬಿಗಿಯಲು ನೋಡಿತು. ಬಿಗಿದು ಏನು ಮಾಡುವುದು? ಒಳಗಿದ್ದದ್ದೆಲ್ಲ ಆಗಲೇ ಈಚೆಗೆ ಬಂದಿತ್ತು.

“ಮಂಗಳ ಹಾಡಿ ದಾಸರೇ,” ಎಂದು ಒಲೆಕೋಣೆಯಿಂದ ಅಮ್ಮನವರ ದನಿ ಕೇಳಿಸಿತು. “ಒಗ್ಗರಣೆ ಸೀಯುತ್ತೆ.”

ದಾಸರು ಸಿಪ್ಪೆಯ ರಾಶಿಯೊಳಗಿನಿಂದ ಗೆಜ್ಜೆ ಹೆಕ್ಕಿ, ಕಣ್ಣೊರೆಸಿಕೊಂಡು ಕಟ್ಟಿಕೊಂಡರು. ಅಂದಿನ ಮಂಗಳಕ್ಕೆ ಇಡೀ ಊರೇ ದನಿಗೂಡಿಸಿತು.

ಅಂದಿನಿಂದ ಅವರು ಎಲ್ಲಿಗೆ ಕಥೆಗೆ ಹೋಗಲಿ, ಮೊದಲು ಅಡುಗೆಮನೆಗೆ ಹೋಗಿ “ಏನಾದ್ರೂ ಕೆಲಸ ಇದೆಯೇನಮ್ಮ?” ಎನ್ನುತ್ತಿದ್ದರು. ಬಂದ ರಾಮನವಮಿಗೆ ತುಮಕೂರಿನವರೇ ಮತ್ತೆ ಕರೆದರು. ಈ ಸಲ ಕಥೆ ಎಲ್ಲಿ ನಿಲ್ಲುತ್ತದೆಂದು ನೋಡಲು ಬಂದವರೇ ಅರ್ಧ ಸಭೆ. ದಾಸರು ಬೆಳಗಿನಿಂದ ಹೆಸರುಬೇಳೆ ಆರಿಸಿ, ಸೌತೆಕಾಯಿ ಹೆಚ್ಚಿ, ತುಳಸಿಮಾಲೆ ಕಟ್ಟಿ, ಒದ್ದೆ ಕೈ ಒರೆಸಿಕೊಂಡು ಬಂದು ನಿಂತರು. ಮಂಡಳಿಯವರು ಬಿರುದು ಓದತೊಡಗಿದಾಗ ತಡೆದು, “ಅದು ಬೇಡ ಸ್ವಾಮಿ. ಅಕ್ಕಯ್ಯಮ್ಮನವರ ಮನೇಲಿ ಕಾಳು ಹಿತುಕೋ ಗರುಡಾಚಲ ಅನ್ನಿ, ಸಾಕು,” ಎಂದರು.

ಸಭೆ ನಕ್ಕಿತು. ಆ ನಗು ಇಳಿಯುವ ಮೊದಲೇ ಪದ ಎತ್ತಿದರು. ಗರ್ಜನೆಯಿಲ್ಲ, ಆರ್ಭಟವಿಲ್ಲ, ದನಿ ಹರಿದುಕೊಂಡು ಹೋಯಿತು. ಬೀದಿಯಲ್ಲಿ ಜಟಕಾ ನಿಲ್ಲಿಸಿ ಗಾಡಿಯವನು ಇಳಿದು ಬಂದ, ಅವನ ಹಿಂದೆ ಸವಾರಿಯವರೂ ಬಂದರು. ಕುದುರೆಯೊಂದನ್ನು ಮಾತ್ರ ಒಳಗೆ ಬಿಡಲಿಲ್ಲ. ಮುಗಿದಾಗ ಸಭೆಗೆ ಸಭೆಯೇ ಎದ್ದು ನಿಂತು ಕೈಮುಗಿಯಿತು. ದಾಸರು ಕಲ್ಲುಬಾವಿಪಾಳ್ಯದ ದಿಕ್ಕಿಗೆ ತಿರುಗಿ ಸಾಷ್ಟಾಂಗವೆರಗಿದರು. ಅಷ್ಟರಲ್ಲಿ ಹಿಂದಿನಿಂದ ಯಾರೋ “ಇನ್ನೊಂದು” ಎಂದರು.

ದಾಸರು ಎದ್ದು, ಮೈಮೇಲಿನ ಧೂಳು ಕೊಡವಿಕೊಂಡು, ಇನ್ನೊಂದನ್ನು ಶುರುಮಾಡಿದರು.