ಗೋಮುಖಕ್ಕೆ ಗೇಟು ಹಾಕಿದ ಬಿಳಿಗಿರಿ

ಬಾಯಿದೆ, ಹಲ್ಲಿಲ್ಲ. ಬೆಳಿಗ್ಗೆ ಒಂದು ಎಮ್ಮೆ ನುಂಗುತ್ತೆ, ಸಂಜೆ ಅದನ್ನೇ ಕಕ್ಕುತ್ತೆ. ಏನು ಹೇಳಿ ನೋಡೋಣ? ಸೋತ್ರಾ? ಸೋಲಲೇಬೇಕು. ಪುಟ್ಟಮಾದಮ್ಮನ ಮನೆ ನೋಡದೆ ಇದಕ್ಕೆ ಉತ್ತರ ಹೇಳೋ ಗಂಡು ಹುಟ್ಟಿಲ್ಲ.

ಬೀದಿಯಿಂದ ಅವಳ ಅಂಗಳಕ್ಕೆ ಗಾಡಿ ಬರೋ ದಾರಿ ಅದು. ಬೀದಿ ಕಡೆ ಇಕ್ಕಟ್ಟು, ಒಳಗೆ ಅಗಲ, ನಡುವೆ ಸೊಟ್ಟ. ಊರವರು ಅಂಥದ್ದಕ್ಕೆ ಗೋಮುಖ ಅಂತಾರೆ. ಬೀದಿ ಕಡೆ ಎರಡು ಕಲ್ಲುಕಂಬ ಇವೆ, ಗೇಟಿಲ್ಲ. ಪಕ್ಕದ ಮನೆ ಎಮ್ಮೆ ದಿನಾ ನುಗ್ಗಿ ಸೇವಂತಿಗೆ ಮೇಯುತ್ತೆ. ಆ ಹೂ ಕಟ್ಟಿ ಮಾರಿದರೇ ಅವಳ ಒಲೆ ಉರಿಯೋದು. ಉಳಿದಿರೋದು ಒಂದೇ ಸಾಲು ಹೂ, ಒಬ್ಬನೇ ಮಗ. ಇಬ್ಬರಲ್ಲಿ ಹೂವಿಗೇ ಬುದ್ಧಿ ಜಾಸ್ತಿ.

“ಬಿಳಿಗಿರಿ, ಗೋಮುಖದ ಅಳತೆ ತಕ್ಕೊಂಡು ವೆಲ್ಡಿಂಗ್ ಅಂಗಡಿ ಜಬ್ಬಾರಣ್ಣಂಗೆ ಕೊಡು ಮಗಾ. ಗೇಟು ಮಾಡ್ಕೊಡ್ತಾರೆ.”

“ಅಷ್ಟೇ ತಾನೆ? ಆಯ್ತು ಬುಡವ್ವ!”

ಹೋದ. ಕೊಟ್ಟಿಗೆಯ ಹಸು ಹಿಡಿದ. ಕೊಂಬಿಂದ ಕೊಂಬಿಗೆ, ಹಣೆಯಿಂದ ಮೂತಿಗೆ ದಾರ ಹಿಡಿದು ಅಳೆದ. ಸಂಜೆಗೆ ಗೇಟು ತಂದ. ಕಂಕುಳಲ್ಲಿ ಇಟ್ಕೊಂಡು ತಂದ!

“ಅಯ್ಯೋ ನನ್ ಹಣೆಬರಾ! ಇದೇನು ಗೇಟಾ, ಇಲಿ ಬೋನಿನ ಬಾಗ್ಲಾ? ಹಸೂದಲ್ಲ ಕಣೋ, ದಾರೀದು! ಎರಡು ಕಂಬಕ್ಕೂ ಹಗ್ಗ ಬಿಗಿದು, ಗಂಟು ಹಾಕಿ, ಆ ಹಗ್ಗಾನೇ ಒಯ್ದು ತೋರ್ಸು!”

“ಅಷ್ಟೇ ತಾನೆ? ಆಯ್ತು ಬುಡವ್ವ!”

ಬಿಗಿದ. ಗಂಟು ಹಾಕಿದ. ಹಗ್ಗ ಎಳೆದ. ಬರಲಿಲ್ಲ. ಇನ್ನೂ ಎಳೆದ. ಬಂತು, ಕಂಬ ಸಮೇತ! ಎರಡು ಕಲ್ಲುಕಂಬ ಬೀದಿಯುದ್ದಕ್ಕೂ ದರದರ ಎಳ್ಕೊಂಡು ಹೋಗಿ ಅಂಗಡಿ ಮುಂದೆ ನಿಂತ. ಜಬ್ಬಾರಣ್ಣ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕ್ಕೊಂಡು ನೋಡಿದ.

“ಲೇ ಗೂಬೆ!” ಅಂತ ಓಡಿ ಬಂದಳು ಅವ್ವ. “ನಿಂತಿದ್ದನ್ನ ಕೀಳ್ತಾರೇನೋ? ನಿಂತಿದ್ದು ನಿಂತಲ್ಲೇ ಇರ್ಲಿ, ಮುಟ್ಬ್ಯಾಡ!”

“ಅಷ್ಟೇ ತಾನೆ? ಆಯ್ತು ಬುಡವ್ವ!”

ಕೊನೆಗೆ ಜಬ್ಬಾರಣ್ಣನೇ ಬಂದ. ಕಂಬ ನೆಟ್ಟ, ತಾನೇ ಅಳೆದ, ಸೊಟ್ಟಕ್ಕೆ ತಕ್ಕ ಹಾಗೆ ಎರಡು ಕದದ ಗೇಟು ಕೂರಿಸಿದ. ಎಂಥ ಗೇಟು! ಪುಟ್ಟಮಾದಮ್ಮ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, “ಗೇಟು ಹಾಕ್ಕೊಳೋ” ಅಂತ ಹೇಳಿ ಸಂತೆಗೆ ಹೊರಟಳು.

ಅವನು ಹಾಕೋಕೆ ಏಳುವಷ್ಟರಲ್ಲಿ ಎಮ್ಮೆ ಒಳಗೆ ಬಂದು ಸೇವಂತಿಗೆ ಸಾಲಿನಲ್ಲಿ ನಿಂತಿತ್ತು. ನಿಂತಿದ್ದನ್ನ ಮುಟ್ಟಬಾರದಲ್ಲ! ಅದನ್ನ ಅಲ್ಲೇ ಬಿಟ್ಟು, ಗೇಟು ಹಾಕಿ, ಚಿಲಕ ಜಡಿದು, ಕಾವಲು ಕೂತ.

ಅವ್ವ ಬಂದು ಹೊರಗಿಂದ ನೋಡಿದಳು. “ಎಮ್ಮೆ! ಎಮ್ಮೆ! ಗೇಟು ತೆಗಿಯೋ!”

ತೆಗೆದ. ಎರಡು ಕದಾನೂ ಕೀಲಿನಿಂದ ಎತ್ತಿ ತೆಗೆದೇ ಬಿಟ್ಟ! “ತೆಗ್ದೆ ಕಣವ್ವ! ಈಗ?”

“ನಿನ್ ಮನೆ ಕಾಯೋಗ! ಎಮ್ಮೆಗೆ ಎರಡು ಹಾಕೋ!”

“ಎರಡೂ ತಾನೆ? ಆಯ್ತು ಬುಡವ್ವ!”

ಒಂದು ಕದ ಎಡಕ್ಕೆ, ಒಂದು ಬಲಕ್ಕೆ. ಅಳತೆಯ ಹಗ್ಗದಲ್ಲೇ ಬಿಗಿದು ಎಮ್ಮೆಗೆ ಎರಡೂ ಹಾಕಿದ! ಎಮ್ಮೆ ರೆಕ್ಕೆ ಬಂದ ಹಾಗೆ ಬೀದಿ ಕಡೆ ಹಾರಿತು. ಎರಡು ಕದ ಸೇರಿದರೇ ದಾರಿಯಷ್ಟಗಲ. ನಡುವೆ ಎಮ್ಮೆ ಬೇರೆ! ಗೋಮುಖದ ಗಂಟಲಲ್ಲಿ ಧಡ್ ಅಂತ ಸಿಕ್ಕಿಕೊಂಡಿತು. ಮುಂದೆ ಹೋಗಲ್ಲ, ಹಿಂದೆ ಬರಲ್ಲ. ಅರ್ಧ ಸಾಲು ಸೇವಂತಿಗೆ ಉಳೀತು.

“ನೋಡವ್ವ, ಇನ್ನು ಯಾವ ಎಮ್ಮೆನೂ ಒಳಗೆ ಬರಲ್ಲ!” ಅಂದ ಬಿಳಿಗಿರಿ, ಎದೆ ಉಬ್ಬಿಸಿ.

“ನಾನೆಲ್ಲಿಂದ ಬರ್ಲೋ?” ಅಂದಳು ಅವ್ವ, ಎಮ್ಮೆಯ ಆಚೆಯಿಂದ.

ಎಮ್ಮೆ ಸಿಕ್ಕಿಕೊಂಡಿದ್ದು ಮಾತ್ರ ನಾನೇ ಸೇರಿಸಿದ್ದು. ಅದು ಸಲೀಸಾಗಿ ಆಚೆ ಹೋಗಿಬಿಟ್ಟರೆ ಈ ಕತೆಗೆ ಗೇಟು ಹಾಕೋದು ಹೇಗೆ ಹೇಳಿ?