ತಿಪ್ಪೇಶಿ ಕಾರು ಮೆತ್ತಗೆ ಮಾಡಿಸಿದ್ದು

ಕೇಳ್ರಪ್ಪಾ, ಹಿಂಗಾಯ್ತು. ಗುಡ್ಡದ ಮೇಲಿನ ಊರಲ್ಲಿ ಪಾಲಮ್ಮ ಅಂತ ಒಬ್ಬಳು. ಎಮ್ಮೆ ಸಾಕಿ, ಮೊಸರು ಮಾರಿ ಬದುಕೋಳು. ಅವಳಿಗೆ ಒಬ್ಬನೇ ಮಗ, ತಿಪ್ಪೇಶಿ. ಮೈಯಲ್ಲಿ ಕಸುವಿತ್ತು, ಮನಸ್ಸಲ್ಲಿ ಕಪಟ ಇರಲಿಲ್ಲ. ಆದರೆ ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ಅದರ ಮೇಲೆ ಎಲ್ಲದಕ್ಕೂ ‘ಯಾಕೆ? ಹೆಂಗೆ?’ ಬೇರೆ. “ಇವನ ಜೊತೆ ನಾನು ಹೆಂಗಪ್ಪಾ ಏಗಲಿ!” ಅಂತ ಪಾಲಮ್ಮ ದಿನಾ ಹಣೆ ಚಚ್ಚಿಕೊಳ್ಳೋಳು.

ತಿಪ್ಪೇಶಿಯ ಸೋದರಮಾವನಿಗೆ ಕಾರಿನ ಓಟದ ಹುಚ್ಚು. ವಯಸ್ಸಾದ ಮೇಲೆ ಹಳೇ ಕಾರನ್ನ ಅಳಿಯನಿಗೆ ಕೊಟ್ಟ. ಜೋರಾಗಿ ಓಡಲಿ ಅಂತ ಅದಕ್ಕೆ ಗಟ್ಟಿ ಸ್ಪ್ರಿಂಗು ಹಾಕಿಸಿದ್ದ. ಘಾಟಿ ತಿರುವಿನಲ್ಲಿ ಹಲ್ಲಿ ಗೋಡೆಗೆ ಕಚ್ಚಿದ ಹಾಗೆ ಕಚ್ಚಿಕೊಂಡು ಹೋಗೋದು! ಗುಂಡಿ ಬಂತೋ, ಕುರಿಮರಿ ಹಾಗೆ ನೆಗೆಯೋದು!

ತಿಪ್ಪೇಶಿ ಅದರಲ್ಲಿ ಮೊಸರಿನ ಗಡಿಗೆ ಹೇರಿಕೊಂಡು ಪೇಟೆಗೆ ಹೊರಟ. ದಡಬಡ, ದಡಬಡ! ಪೇಟೆಯಲ್ಲಿ ಮುಚ್ಚಳ ತೆಗೆದರೆ ಕೆಳಗೆ ಮಜ್ಜಿಗೆ, ಮೇಲೆ ಬೆಣ್ಣೆ!

ಮನೆಗೆ ಬಂದವನೇ, “ಅವ್ವಾ, ನಮ್ಮ ಕಾರು ಮಜ್ಜಿಗೆ ಕಡೆಯುತ್ತೆ! ಕಡಗೋಲು ಎಲ್ಲಿಟ್ಟಿದ್ದಾರವ್ವಾ?”

“ಅಯ್ಯೋ ಪೆದ್ದೇ! ಸ್ಪ್ರಿಂಗು ಗಟ್ಟಿ ಇದೆ ಕಣೋ. ಮೆತ್ತಗೆ ಮಾಡೋ!”

“ಗಟ್ಟಿ ಇರೋದು ಮೆತ್ತಗಾಗೋದು ಹೆಂಗೆ?”

ಕಡಲೆ ತೊಳೀತಿದ್ದ ಪಾಲಮ್ಮ ರೇಗಿ, “ನೀರಲ್ಲಿ ನೆನೆಹಾಕಿದರೆ ಆಗುತ್ತೆ!” ಅಂದಳು.

ಸರಿ. ಕಾರು ಸೀದಾ ಕೆರೆಗಿಳೀತು. ತಿಪ್ಪೇಶಿ ಆಗಾಗ ಮುಳುಗಿ ಸ್ಪ್ರಿಂಗು ಒತ್ತಿ ನೋಡೋನು. “ಇನ್ನೂ ನೆಂದಿಲ್ಲ!” ಅನ್ನೋನು. ಕೊನೆಗೆ ಊರಿನವರು ಎತ್ತು ಕಟ್ಟಿ ಎಳೆದರು.

“ಹಾಳಾದೋನೇ! ಜಬಿ ಸಾಬರ ಗ್ಯಾರೇಜಿಗೆ ಹೋಗಿ ಮೆತ್ತನೆ ಸ್ಪ್ರಿಂಗು ಹಾಕಿಸೋ!” ಅಂದಳು ಪಾಲಮ್ಮ.

“ಎಷ್ಟು ಮೆತ್ತಗವ್ವಾ?”

“ತೊಟ್ಟಿಲ ಹಾಗಿರಲಿ!”

ತಿಪ್ಪೇಶಿ ಹೋಗಿ, “ಸಾಬರೇ, ಅವ್ವ ಹೇಳಿದಾಳೆ, ತೊಟ್ಟಿಲ ಹಾಗೆ ತೂಗಬೇಕು” ಅಂದ. “ಬೇಡಪ್ಪಾ” ಅಂದರು ಸಾಬರು. ಇವನು ಬಿಡಲಿಲ್ಲ. ಹಾಕಿದರು.

ಈ ಸಲ ಪಾಲಮ್ಮನೂ ಹತ್ತಿದಳು. ಗುಂಡಿಗಳ ಮೇಲೆ ಕಾರು ತೇಲಿಕೊಂಡು ಹೋಯಿತು. ಪಾಲಮ್ಮನಿಗೆ ಜೋಂಪು ಹತ್ತಿತು. ಅಷ್ಟರಲ್ಲಿ ತಿರುವು! ಕಾರು ಈ ಕಡೆ ವಾಲಿತು, ಆ ಕಡೆ ವಾಲಿತು. ಗಡಿಗೆ ಮಗುಚಿ ಮೊಸರೆಲ್ಲ ಪಾಲಮ್ಮನ ತಲೆ ಮೇಲೆ!

“ತಿರುವಿನಲ್ಲಿ ಗಟ್ಟಿ ಇರಬೇಕು ಕಣೋ!” ಅಂತ ಪಾಲಮ್ಮ ಕಣ್ಣಿನ ಮೊಸರು ಒರೆಸಿಕೊಂಡಳು. “ಗುಂಡಿಯಲ್ಲಿ ಮೆತ್ತಗೆ, ತಿರುವಿನಲ್ಲಿ ಗಟ್ಟಿ!”

ಮಾರನೇ ದಿನ ಅವ್ವನನ್ನ ಕೂರಿಸಿಕೊಂಡು ಹೊರಟ ತಿಪ್ಪೇಶಿ ಪ್ರತಿ ತಿರುವಿಗೂ ಕಾರು ನಿಲ್ಲಿಸೋನು, ಇಳಿಯೋನು, ಸ್ಪ್ರಿಂಗಿನ ಸಂದಿಗೆ ಮರದ ಬೆಣೆ ಬಡಿಯೋನು. ತಿರುವು ದಾಟಿದ ಮೇಲೆ ಇಳಿದು ಬೆಣೆ ಕೀಳೋನು. ಒಂದು ಕಡೆ ಬೆಣೆ ಹಿಡಿದುಕೊಂಡು ಹಾಗೇ ನಿಂತುಬಿಟ್ಟ.

“ಅವ್ವಾ, ಗುಂಡಿ ತಿರುವಿನಲ್ಲೇ ಇದೆ. ಈಗ ಮೆತ್ತಗೋ, ಗಟ್ಟಿಯೋ?”

ಪಾಲಮ್ಮ ಹಣೆ ಚಚ್ಚಿಕೊಂಡಳು. “ಸಾಬರನ್ನೇ ಕೇಳು” ಅಂದಳು.

ಜಬಿ ಸಾಬರು ಗಡ್ಡ ಕೆರೆದುಕೊಂಡರು. “ನೀನು ಕೇಳಿದ್ದು ಸರಿ ಇದೆ ತಮ್ಮಾ. ಮೆತ್ತಗಾದರೆ ವಾಲುತ್ತೆ, ಗಟ್ಟಿಯಾದರೆ ಕುಣಿಯುತ್ತೆ. ಎರಡೂ ಪೂರ್ತಿ ಸಿಗಲ್ಲ. ಅರ್ಧ ಮೆತ್ತಗೆ, ಅರ್ಧ ಗಟ್ಟಿ ಇರಬೇಕು.”

ಅವರು ಚಹಾ ಕುಡಿದು ಬರೋ ಹೊತ್ತಿಗೆ ತಿಪ್ಪೇಶಿ ಎಡಕ್ಕೆ ಮೆತ್ತನೇದು, ಬಲಕ್ಕೆ ಗಟ್ಟಿಯದು ಹಾಕಿ ಮುಗಿಸಿದ್ದ. ಕಾರು ಕುಂಟೆತ್ತಿನ ಹಾಗೆ ನಿಂತಿತ್ತು!

“ಯಾ ಅಲ್ಲಾ! ಆ ಕಡೆ ಸರಿ ನೀನು!” ಅಂತ ಸಾಬರು ತಾವೇ ಕಾರಿನ ಕೆಳಗೆ ತೂರಿದರು. ನಾಲ್ಕು ಚಕ್ರಕ್ಕೂ ಮಧ್ಯಮದ ಸ್ಪ್ರಿಂಗು ಹಾಕಿದರು, ಕುಣಿತ ತಡೆಯೋ ಶಾಕ್ ಅಬ್ಸಾರ್ಬರು ಹೊಸದು ಹಾಕಿದರು. “ಇನ್ನು ಗುಂಡಿಯಲ್ಲಿ ಸ್ವಲ್ಪ ಕುಲುಕುತ್ತೆ, ತಿರುವಿನಲ್ಲಿ ಸ್ವಲ್ಪ ವಾಲುತ್ತೆ. ಸಹಿಸ್ಕೋ. ತಿರುವು ಬಂದಾಗ ನಿಧಾನ ಮಾಡಿ, ರಸ್ತೆ ಬಿಗಿಯಾಗಿ ಹಿಡ್ಕೊಂಡು ಹೋಗಬೇಕು, ತಿಳೀತಾ?”

“ತಿಳೀತು ಸಾಬರೇ! ರಸ್ತೆ ಬಿಗಿಯಾಗಿ ಹಿಡ್ಕೋಬೇಕು!”

ಆ ವಾರ ಘಾಟಿ ಕೆಳಗೆ ಒಂದು ಮದುವೆ. ಊಟಕ್ಕೆ ಪಾಲಮ್ಮನದೇ ಮೊಸರು. “ಪಂಕ್ತಿ ಕೂರೋ ಹೊತ್ತಿಗೆ ಮೊಸರು ಇರಬೇಕು ಕಣೋ. ತಪ್ಪಿದರೆ ಇನ್ನು ಯಾರೂ ನಮ್ಮನ್ನ ಕರೆಯಲ್ಲ!” ಅಂತ ಅವಳು ಗಡಿಗೆ ತಬ್ಬಿಕೊಂಡು ಕೂತಳು. ಕಾರು ಹಿತವಾಗಿ ಹೋಗ್ತಿತ್ತು. ದೊಡ್ಡ ತಿರುವು ಬಂತು. ತಿಪ್ಪೇಶಿ ನಿಧಾನ ಮಾಡಿದ, ನಿಲ್ಲಿಸಿದ, ಬಾಗಿಲು ತೆಗೆದು ನೆಗೆದ. ರಸ್ತೆ ಮೇಲೆ ಬೋರಲು ಮಲಗಿ ಎರಡೂ ಕೈ ಚಾಚಿ ರಸ್ತೆ ತಬ್ಬಿದ!

“ಲೋ! ಏನೋ ಮಾಡ್ತಿದ್ದೀಯ?”

“ಬಿಗಿಯಾಗಿ ಹಿಡ್ಕೊಂಡಿದ್ದೀನಿ, ನೀನು ಹೋಗವ್ವಾ!”

ಬ್ರೇಕು ಎಳೆದಿರಲಿಲ್ಲ. ಕಾರು ಇಳಿಜಾರಿನಲ್ಲಿ ಉರುಳಿಕೊಂಡು ಹೊರಟಿತು. “ಅಯ್ಯಯ್ಯೋ!” ಅಂತ ಪಾಲಮ್ಮ ಹಾರಿ ಸ್ಟೇರಿಂಗು ಹಿಡಿದಳು. ಕಾರು ಸ್ವಲ್ಪ ಕುಲುಕಿತು, ಸ್ವಲ್ಪ ವಾಲಿತು, ತಿರುವು ದಾಟಿತು. ಮದುವೆ ಮನೆ ಮುಂದಿನ ಮರಳು ರಾಶಿಗೆ ಮೂತಿ ಇಟ್ಟು ನಿಂತಿತು. ಪಾಲಮ್ಮ ಮುಚ್ಚಳ ತೆಗೆದಳು. ಮೊಸರಿನ ಕೆನೆ ಸಹ ಒಡೆದಿರಲಿಲ್ಲ!

ಇತ್ತ ಮೇಲೆ ತಿರುವಿನಲ್ಲಿ ಬಸ್ಸೊಂದು ಬಂದು ಬ್ರೇಕು ಹಾಕಿತು. ಡ್ರೈವರು ಹಾರನ್ನು ಒತ್ತೇ ಒತ್ತಿದ. “ಏಳೋ ಮೇಲೆ! ಸಾಯೋಕೆ ಬಂದಿದ್ದೀಯಾ?”

ತಿಪ್ಪೇಶಿ ಕತ್ತು ಮಾತ್ರ ಎತ್ತಿದ.

“ಬಿಡ್ತೀನಣ್ಣಾ, ಮೊದಲು ಹೇಳು. ನಿನ್ನ ಬಸ್ಸು ಮೆತ್ತನೇದೋ, ಗಟ್ಟಿಯದೋ?”

“ಮೆತ್ತನೇದೇ ಕಣೋ, ಏನೀಗ?”

“ಹಂಗಾದರೆ ಬಿಡೋ ಹಾಗಿಲ್ಲ!” ಅಂದವನೇ ತಿಪ್ಪೇಶಿ ರಸ್ತೆಯನ್ನ ಇನ್ನೂ ಬಿಗಿಯಾಗಿ ತಬ್ಬಿಕೊಂಡ. “ನೀನು ಧೈರ್ಯವಾಗಿ ಹೊಡಿ!”